ವಿಲಾಯತಿಗೆ ಹೊರಡುವ ಮುನ್ನ

ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಘದ ಸಂಪಾದಕ ಮಿತ್ರರು ಕೇಳಿದಾಗ, ಸಾಲದ ಅರ್ಜಿಗಳ ಮೇಲೆ ಷರಾ ಬರೆಯುವುದರ ಹೊರತು ಬೇರೆ ಬರವಣಿಗೆಯ ಅಭ್ಯಾಸವಿಲ್ಲದ ನಾನು ಮೊದಲು ಹಿಂಜರಿದೆ. ಆದರೆ ನಮ್ಮ ಸಂಘದ ಸದಸ್ಯರ ಮಕ್ಕಳಲ್ಲಿ ಎಷ್ಟೋ ಮಂದಿ ಈಗ ಪರದೇಶಗಳಲ್ಲಿ ನೆಲೆಸಿದ್ದಾರೆ. ನಲವತ್ತು ಐವತ್ತು ವರ್ಷಗಳ ಹಿಂದೆ ಧಾರವಾಡ, ಉಡುಪಿ, ವಿಜಾಪುರಗಳ ಕಡೆಯಿಂದ ಮುಂಬಯಿಗೆ ಬಂದು ಮಾಟುಂಗಾ, ಡೊಂಬಿವಲಿಗಳಲ್ಲಿ ಬಿಡಾರ ಹೂಡಿದ ಹಿರಿಯರು, ಎಪ್ಪತ್ತರ ವಯಸ್ಸಿನಲ್ಲಿ ಮೊತ್ತಮೊದಲ ಬಾರಿಗೆ ಪಾಸ್‌ಪೋರ್ಟು ಮಾಡಿಸಿಕೊಂಡು, ಮಗಳ ಬಾಣಂತನಕ್ಕೋ ಮೊಮ್ಮಗನ ಹುಟ್ಟುಹಬ್ಬಕ್ಕೋ ಸಮುದ್ರ ದಾಟುತ್ತಿದ್ದಾರೆ. ನಮ್ಮದೂ ಅಂತಹದೊಂದು ಮನೆ. 2024ರಲ್ಲಿ ನನ್ನ ತಾಯಿಯವರನ್ನು ಬ್ರಿಟನ್ನಿಗೆ ಕರೆದುಕೊಂಡು ಹೋಗುವ ಸಿದ್ಧತೆಯಲ್ಲಿ ನಾನು ಮಾಡಿದ ತಪ್ಪುಗಳು ಇತರರಿಗಾದರೂ ಉಪಯೋಗಕ್ಕೆ ಬರಲಿ ಎಂಬ ಉದ್ದೇಶದಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ತಂಗಿ ಮತ್ತು ಆಕೆಯ ಪತಿ ಲಂಡನ್ನಿನ ಪಶ್ಚಿಮಕ್ಕಿರುವ ಒಂದು ಊರಿನಲ್ಲಿದ್ದಾರೆ. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 'ಓದುವುದು' ಎಂಬರ್ಥದ ಶಬ್ದದಂತೆಯೇ ಕಾಣುತ್ತದೆ. ಉಚ್ಚಾರ ಮಾತ್ರ ರೆಡಿಂಗ್. ನಾನು ವಿಮಾನ ನಿಲ್ದಾಣದಲ್ಲಿ ರೀಡಿಂಗ್‌ಗೆ ಹೋಗುವ ಬಸ್ಸು ಯಾವುದೆಂದು ಕೇಳಿ ಎರಡು ಸಲ ತಿದ್ದಿಸಿಕೊಂಡೆ. ತಂಗಿಗೆ ಮಾರ್ಚ್ ಕೊನೆಗೆ ಹೆರಿಗೆಯಾಗುವ ನಿರೀಕ್ಷೆ ಇತ್ತು. ತಾಯಿಯವರಿಗೆ ಆಗ 71 ವರ್ಷ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದ ಒತ್ತಡ. ಒಬ್ಬರನ್ನೇ ಕಳುಹಿಸಲು ನನಗೆ ಧೈರ್ಯವಾಗಲಿಲ್ಲ. ಆದುದರಿಂದ ಇಬ್ಬರೂ ಕೂಡಿ ಹೊರಡುವುದು, ಮಾರ್ಚ್ ಮಧ್ಯದ ಹೊತ್ತಿಗೆ ಅಲ್ಲಿರುವುದು ಎಂದು ನಿಶ್ಚಯವಾಯಿತು.

ಒಬ್ಬ ಬ್ಯಾಂಕ್ ಅಧಿಕಾರಿಯ ತಪ್ಪು

ಬ್ರಿಟನ್ನಿಗೆ ಬಂಧುಗಳನ್ನು ಕಾಣಲು ಹೋಗುವವರು ಪಡೆಯಬೇಕಾದುದು ಸಂದರ್ಶಕರ ವೀಸಾ. ಒಂದು ಭೇಟಿಯಲ್ಲಿ ಆರು ತಿಂಗಳವರೆಗೆ ಇರಬಹುದು. ಎರಡು, ಐದು, ಹತ್ತು ವರ್ಷಗಳ ವೀಸಾಗಳೂ ಇವೆಯಾದರೂ ಅವುಗಳಲ್ಲಿಯೂ ಒಂದು ಸಲಕ್ಕೆ ಆರು ತಿಂಗಳ ಮಿತಿಯೇ. ಪ್ರಯಾಣದ ದಿನಕ್ಕೆ ಮೂರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಅರ್ಜಿಯನ್ನು ಕಂಪ್ಯೂಟರಿನಲ್ಲಿ ತುಂಬಿ, ಶುಲ್ಕ ಕಟ್ಟಿ, ಗೊತ್ತುಪಡಿಸಿದ ದಿನ ಅರ್ಜಿ ಕೇಂದ್ರಕ್ಕೆ ಹೋಗಿ ಬೆರಳಚ್ಚು ಮತ್ತು ಭಾವಚಿತ್ರ ಕೊಡಬೇಕು. ಸಾಮಾನ್ಯವಾಗಿ ಮೂರು ವಾರಗಳಲ್ಲಿ ನಿರ್ಣಯ ತಿಳಿಯುತ್ತದೆ. ಆರು ತಿಂಗಳ ವೀಸಾಕ್ಕೆ ನಾವು ಕಟ್ಟಿದ ಶುಲ್ಕ ತಲೆಗೆ 115 ಪೌಂಡು. 2025ರ ಏಪ್ರಿಲ್‌ನಲ್ಲಿ ಅದು 127 ಪೌಂಡಿಗೆ ಏರಿತು. ವೀಸಾ ನಿರಾಕರಿಸಲ್ಪಟ್ಟರೆ ಈ ಹಣ ಹಿಂದಿರುಗುವುದಿಲ್ಲ.

ಜನವರಿ ಕೊನೆಯಲ್ಲಿ ಇಬ್ಬರ ಅರ್ಜಿಗಳನ್ನೂ ನಾನೇ ಕೂತು ತುಂಬಿದೆ. ತಾಯಿಯವರಿಗೆ ತಂದೆಯವರ ಕುಟುಂಬ ಪಿಂಚಣಿ ಬರುತ್ತದೆ. ಅವರ ಉಳಿತಾಯ ಖಾತೆಯಲ್ಲಿ ಆಗ ಒಂದು ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಹಣವಿತ್ತು. ವಿಲಾಯತಿಗೆ ಹೊರಟವರ ಖಾತೆಯಲ್ಲಿ ಇಷ್ಟು ಕಡಿಮೆ ಮೊತ್ತವಿದ್ದರೆ ನೋಡುವವರಿಗೆ ಏನು ಅನ್ನಿಸೀತು ಎಂದುಕೊಂಡು, ಅರ್ಜಿಗೆ ಹದಿನೈದು ದಿನ ಮುಂಚೆ ನನ್ನ ಠೇವಣಿ ಮುರಿದು ಐದು ಲಕ್ಷ ರೂಪಾಯಿಗಳನ್ನು ಅವರ ಖಾತೆಗೆ ವರ್ಗಾಯಿಸಿದೆ. ಹಣ ನನ್ನದೇ, ವರ್ಗಾವಣೆ ಕಾನೂನುಬದ್ಧವೇ. ವಿವರಣೆಯ ಪತ್ರವೊಂದನ್ನು ಜೊತೆಗಿಡುವುದು ಮಾತ್ರ ನನಗೆ ಹೊಳೆಯಲೇ ಇಲ್ಲ.

ಫೆಬ್ರವರಿ ಮಧ್ಯದಲ್ಲಿ ಪಾಸ್‌ಪೋರ್ಟುಗಳು ಮರಳಿದುವು. ನನಗೆ ವೀಸಾ ದೊರೆತಿತ್ತು, ತಾಯಿಗೆ ದೊರೆತಿರಲಿಲ್ಲ. ಅವರ ಪಾಸ್‌ಪೋರ್ಟಿನೊಡನೆ ಎರಡು ಪುಟಗಳ ಪತ್ರವಿತ್ತು. ಅರ್ಜಿದಾರರ ಮಾಸಿಕ ಆದಾಯಕ್ಕೆ ಹೊಂದದ ದೊಡ್ಡ ಮೊತ್ತವೊಂದು ಇತ್ತೀಚೆಗೆ ಖಾತೆಗೆ ಜಮೆಯಾಗಿದೆ, ಅದರ ಮೂಲವನ್ನು ತಿಳಿಸಿಲ್ಲ, ಆದುದರಿಂದ ಅವರ ಆರ್ಥಿಕ ಸ್ಥಿತಿಯನ್ನು ಹೇಳಿದಂತೆ ಒಪ್ಪಲಾಗದು ಎಂಬುದು ಅದರ ಸಾರಾಂಶ. ನನ್ನ ಶಾಖೆಯಲ್ಲಿ ಇಂತಹ ಜಮೆಗಳನ್ನು ಕಂಡಾಗ ಗ್ರಾಹಕರಿಗೆ ವಿವರಣೆ ಕೇಳಿ ಪತ್ರ ಬರೆಯುವವನು ನಾನೇ. ಹದಿನೇಳು ವರ್ಷಗಳಿಂದ ಆ ಕೆಲಸ ಮಾಡುತ್ತಿದ್ದೇನೆ. ಆ ಪತ್ರವನ್ನು ಓದುವಾಗ ಆದ ನಾಚಿಕೆಯನ್ನು ಇಲ್ಲಿ ವರ್ಣಿಸುವುದಿಲ್ಲ.

ತಾಯಿಯವರು ಅಡುಗೆಮನೆಯಲ್ಲಿ ಬಾಣಂತಿಗೆಂದು ಒಣಶುಂಠಿ ಕುಟ್ಟುತ್ತಿದ್ದರು. ವಿಷಯ ತಿಳಿಸಿದೆ. ಒನಕೆ ನಿಲ್ಲಿಸಿ ಕೇಳಿದರು: "ನಾ ಏನ್ ಅಲ್ಲೇ ಉಳೀಲಿಕ್ಕೆ ಹೊಂಟಿದ್ದೆನೇನಪಾ? ಕೂಸಿಗೆ ನಾಕು ದಿನ ಎಣ್ಣಿ ಹಚ್ಚಿ ನೀರು ಹಾಕಿ ಬರತಿದ್ದೆ." ನನ್ನಲ್ಲಿ ಉತ್ತರವಿರಲಿಲ್ಲ.

ಇಂತಹ ನಿರಾಕರಣೆಗೆ ಮೇಲ್ಮನವಿಯ ಅವಕಾಶವಿಲ್ಲ. ಹೊಸದಾಗಿ ಅರ್ಜಿ ಹಾಕಬಹುದು, ಅಷ್ಟೆ. ಎರಡನೆಯ ಸಲ ನಾನು ಮಾಡಬೇಕಾದುದು ಸರಳವಾಗಿತ್ತು. ಐದು ಲಕ್ಷವನ್ನು ನನ್ನ ಖಾತೆಗೆ ಹಿಂದಕ್ಕೆ ತೆಗೆದುಕೊಂಡೆ. ತಾಯಿಯ ಆದಾಯ ಪಿಂಚಣಿಯೊಂದೇ ಎಂದೂ, ಪ್ರಯಾಣದ ವೆಚ್ಚ ಮಗನದೆಂದೂ, ವಸತಿ ಮತ್ತು ಊಟ ಮಗಳ ಮನೆಯಲ್ಲೆಂದೂ ಇದ್ದುದನ್ನು ಇದ್ದಂತೆ ಬರೆದೆ. ನನ್ನ ಆರು ತಿಂಗಳ ಖಾತೆಯ ವಿವರ, ಸಂಬಳದ ಚೀಟಿಗಳು, ರಜೆ ಮಂಜೂರಾದ ಪತ್ರ, ತಂಗಿಯ ಆಮಂತ್ರಣ ಪತ್ರ ಮತ್ತು ಆಕೆಯ ವಾಸದ ಪುರಾವೆ, ತಾಯಿಯ ಪಿಂಚಣಿ ಆದೇಶ, ಅವರ ಹೆಸರಿನಲ್ಲಿರುವ ಮನೆಯ ಕಾಗದ ಎಲ್ಲವನ್ನೂ ಲಗತ್ತಿಸಿದೆ. ಹಿಂದಿನ ಐದು ಲಕ್ಷದ ಕಥೆಯನ್ನೂ ಒಂದು ಪುಟದಲ್ಲಿ ವಿವರಿಸಿದೆ. ಹಿಂದೆ ವೀಸಾ ನಿರಾಕರಿಸಲ್ಪಟ್ಟಿದೆಯೇ ಎಂಬ ಪ್ರಶ್ನೆ ಅರ್ಜಿಯಲ್ಲಿಯೇ ಇದೆ. ಅದನ್ನು ಮರೆಮಾಚಬಾರದು. ಸುಳ್ಳು ಹೇಳಿದುದು ಕಂಡುಬಂದರೆ ಹತ್ತು ವರ್ಷಗಳವರೆಗೆ ಬಾಗಿಲು ಮುಚ್ಚಬಹುದು. ಯಾರೋ ದಲ್ಲಾಳಿಗಳು 'ಹಾಗೆ ಬರೆಯಿರಿ, ಹೀಗೆ ಬರೆಯಿರಿ' ಎಂದು ಹೇಳಿಕೊಡುವುದನ್ನು ಕೇಳಿ ಕೆಟ್ಟವರಿದ್ದಾರೆ.

ಹೆಸರಿನ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮವರ ಹೆಸರುಗಳಲ್ಲಿ ಊರಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ನಾಲ್ಕು ಭಾಗಗಳಿರುತ್ತವೆ. ಒಂದೊಂದು ಕಾಗದದಲ್ಲಿ ಒಂದೊಂದು ಬಗೆಯಾಗಿರುತ್ತವೆ. ತಾಯಿಯವರ ಶಾಲೆಯ ದಾಖಲೆಯಲ್ಲಿ ತವರಿನ ಹೆಸರು, ಪಿಂಚಣಿ ಪುಸ್ತಕದಲ್ಲಿ ಇನ್ಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಪೂರ್ಣ ಹೆಸರು. ಟಿಕೆಟ್ಟು ಮತ್ತು ವಿಮೆ ಎರಡರಲ್ಲಿಯೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅಕ್ಷರಶಃ ಇರಬೇಕು. ಕನ್ನಡದಲ್ಲಿರುವ ದಾಖಲೆಗಳನ್ನು ಕೊಡುವುದಾದರೆ ಭಾಷಾಂತರ ಜೊತೆಗಿರಬೇಕು. ದಾಖಲೆಗಳು ಇಂಗ್ಲಿಷಿನಲ್ಲಿ ಅಥವಾ ವೆಲ್ಷ್ ಭಾಷೆಯಲ್ಲಿ ಇರತಕ್ಕದ್ದು ಎಂದು ನಿಯಮ. ಐದಾರು ಲಕ್ಷ ಜನ ಆಡುವ ವೆಲ್ಷ್ ಭಾಷೆಗೆ ಅಲ್ಲಿ ಆ ಸ್ಥಾನ ದೊರೆತಿರುವುದನ್ನು ಕಂಡು ನನಗೆ ನಮ್ಮ ಸಂಘದ ಕನ್ನಡ ವರ್ಗಗಳ ನೆನಪಾಯಿತು.

ಎರಡನೆಯ ಅರ್ಜಿಗೆ ವೀಸಾ ದೊರೆತದ್ದು ಏಪ್ರಿಲ್ ಕೊನೆಯ ವಾರದಲ್ಲಿ. ಏಪ್ರಿಲ್ ಮೊದಲ ವಾರವೇ ತಂಗಿಗೆ ಹೆಣ್ಣುಮಗು ಹುಟ್ಟಿತ್ತು. ಮೊದಲ ಎಣ್ಣೆನೀರನ್ನು ತಾಯಿ ಫೋನಿನ ಪರದೆಯ ಮೇಲೆ ನೋಡಿದರು. ಇಲ್ಲಿಂದಲೇ "ಕತ್ತು ಹಿಡಕೋ, ಕತ್ತು ಹಿಡಕೋ" ಎಂದು ಕೂಗುತ್ತಿದ್ದರು. ನನ್ನ ಶಾಖೆಯ ಲೆಕ್ಕ ತಪಾಸಣೆ ಮುಗಿದು ರಜೆ ಸಿಕ್ಕಿ ನಾವು ಹೊರಟಾಗ ಜೂನ್ ಮೂರನೆಯ ವಾರ. ಬಾಣಂತನದ ದಿನಗಳು ಕಳೆದುಹೋಗಿದ್ದುವು.

ಹಣದ ಮಾತು

ಇದು ನನ್ನ ಕಸುಬಿನ ವಿಷಯವಾದುದರಿಂದ ಸ್ವಲ್ಪ ಹೆಚ್ಚು ಹೇಳಿದರೆ ವಾಚಕರು ಕ್ಷಮಿಸಬೇಕು. 1960ರ ದಶಕದಲ್ಲಿ ವಿಲಾಯತಿಗೆ ಹೋದವರು ಜೇಬಿನಲ್ಲಿ 3 ಪೌಂಡುಗಳನ್ನಿಟ್ಟುಕೊಂಡು ವಿಮಾನವೇರಿದ ಕಥೆಯನ್ನು ನಮ್ಮ ಹಿರಿಯರು ಹೇಳುತ್ತಾರೆ. ವಿದೇಶೀ ವಿನಿಮಯದ ಬರಗಾಲ ಹಾಗಿತ್ತು. ಉದಾರೀಕೃತ ಹಣ ರವಾನೆಯ ಯೋಜನೆ 2004ರಲ್ಲಿ ವರ್ಷಕ್ಕೆ 25,000 ಡಾಲರುಗಳ ಮಿತಿಯೊಡನೆ ಆರಂಭವಾಯಿತು. 2015ರಿಂದ ಆ ಮಿತಿ ಎರಡೂವರೆ ಲಕ್ಷ ಡಾಲರು. ಈಗ ಕೊರತೆ ಇರುವುದು ವಿನಿಮಯಕ್ಕಲ್ಲ, ರೂಪಾಯಿಗೆ.

ನೋಟುಗಳ ರೂಪದಲ್ಲಿ ಒಂದು ಪ್ರಯಾಣಕ್ಕೆ 3,000 ಡಾಲರಿಗೆ ಸಮನಾದ ಮೊತ್ತಕ್ಕಿಂತ ಹೆಚ್ಚು ಒಯ್ಯುವಂತಿಲ್ಲ; ಅಷ್ಟು ಬೇಕಾಗುವುದೂ ಇಲ್ಲ. ಬ್ರಿಟನ್ನಿನಲ್ಲಿ ಒಂದು ಬಾಳೆಹಣ್ಣು ಕೊಂಡರೂ ಕಾರ್ಡು ಮುಟ್ಟಿಸಿ ಹಣ ಕೊಡುತ್ತಾರೆ. ಇನ್ನೂರು ಪೌಂಡಿನ ನೋಟುಗಳು, ಉಳಿದುದು ವಿದೇಶೀ ಪ್ರಯಾಣದ ಕಾರ್ಡಿನಲ್ಲಿ ಎಂದು ನಾನು ವಿಭಾಗಿಸಿದೆ, ಸಾಕಾಯಿತು. ನಮ್ಮ ಸಾಮಾನ್ಯ ಡೆಬಿಟ್, ಕ್ರೆಡಿಟ್ ಕಾರ್ಡುಗಳು 2020ರ ರಿಸರ್ವ್ ಬ್ಯಾಂಕಿನ ಆದೇಶದಂತೆ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ. ವಿದೇಶದ ಬಳಕೆಯನ್ನು ನಾವೇ ಹೊರಡುವ ಮುನ್ನ ತೆರೆದುಕೊಳ್ಳಬೇಕು. ಅಲ್ಲಿಯ ಅಂಗಡಿಯ ಯಂತ್ರ 'ಪೌಂಡಿನಲ್ಲಿ ಕೊಡುವಿರೋ ರೂಪಾಯಿಯಲ್ಲಿ ಕೊಡುವಿರೋ' ಎಂದು ಕೇಳಿದರೆ ಪೌಂಡನ್ನೇ ಆರಿಸಿಕೊಳ್ಳಿ. ರೂಪಾಯಿಯನ್ನು ಆರಿಸಿದರೆ ವಿನಿಮಯದ ದರವನ್ನು ಅಂಗಡಿಯ ಕಡೆಯವರು ನಿರ್ಧರಿಸುತ್ತಾರೆ, ಮತ್ತು ಆ ದರ ನಿಮಗೆ ಅನುಕೂಲವಾಗಿರುವುದು ಅಪರೂಪ. ನಮ್ಮ ಮೊಬೈಲ್ ಸಂಖ್ಯೆಗೆ ಅಲ್ಲಿಯೂ ಸಂದೇಶ ಬರುವ ಏರ್ಪಾಡಿಲ್ಲದಿದ್ದರೆ ಬ್ಯಾಂಕಿನ ಗುಪ್ತಸಂಖ್ಯೆ ಬಾರದೆ ಪರದಾಡಬೇಕಾಗುತ್ತದೆ. ಹಣ ರವಾನೆಯ ಮೇಲೆ ಮೂಲದಲ್ಲಿಯೇ ವಸೂಲು ಮಾಡುವ ತೆರಿಗೆಗೆ ವರ್ಷಕ್ಕೆ 7 ಲಕ್ಷ ರೂಪಾಯಿಯವರೆಗೆ ವಿನಾಯತಿ ಇತ್ತು; 2025ರ ಏಪ್ರಿಲ್‌ನಿಂದ ಅದನ್ನು 10 ಲಕ್ಷಕ್ಕೆ ಏರಿಸಲಾಯಿತು. ಪ್ರವಾಸ ಕಂಪನಿಯ ಪ್ಯಾಕೇಜಿಗೆ ಈ ವಿನಾಯತಿ ಅನ್ವಯಿಸದು.

ಇನ್ನೊಂದು ಸಂಗತಿ. ನಾವು ಹೊರಡುವುದನ್ನು ಕೇಳಿ ಸಂಘದ ಹಿರಿಯರೊಬ್ಬರು ತಾವು ಹಿಂದೊಮ್ಮೆ ಹೋದಾಗ ಉಳಿಸಿ ತಂದಿದ್ದ 20 ಪೌಂಡಿನ ಕಾಗದದ ನೋಟೊಂದನ್ನು ಮಗುವಿಗೆಂದು ಕೊಟ್ಟರು. ಇಪ್ಪತ್ತು ಮತ್ತು ಐವತ್ತು ಪೌಂಡಿನ ಕಾಗದದ ನೋಟುಗಳ ಚಲಾವಣೆ 2022ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಈಗಿನವು ಪ್ಲಾಸ್ಟಿಕ್ಕಿನ ಜಾತಿಯವು. ಅಂಗಡಿಗಳಲ್ಲಿ ಹಳೆಯದನ್ನು ತೆಗೆದುಕೊಳ್ಳುವುದಿಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡ್ ಮಾತ್ರ ತನ್ನ ಹಳೆಯ ನೋಟುಗಳಿಗೆ ಎಂದೆಂದಿಗೂ ಬೆಲೆ ಕೊಡುತ್ತದೆ. ನಿಮ್ಮ ಕಪಾಟಿನಲ್ಲಿಯೂ ಅಂತಹ ನೋಟುಗಳಿದ್ದರೆ ತೆಗೆದು ನೋಡಿರಿ.

ಪಿಂಚಣಿದಾರರಿಗೆ ಒಂದು ಮಾತು: ನವೆಂಬರ್ ತಿಂಗಳಿನಲ್ಲಿ ನೀವು ಪರದೇಶದಲ್ಲಿರುವುದಾದರೆ ಜೀವಂತ ಪ್ರಮಾಣಪತ್ರದ ವ್ಯವಸ್ಥೆಯನ್ನು ಮೊದಲೇ ನಿಮ್ಮ ಶಾಖೆಯಲ್ಲಿ ವಿಚಾರಿಸಿಕೊಳ್ಳಿ. ಡಿಸೆಂಬರಿನಲ್ಲಿ ಪಿಂಚಣಿ ನಿಂತಿತೆಂದು ಲಂಡನ್ನಿನಿಂದ ಕರೆ ಮಾಡಿ ನಮ್ಮನ್ನು ಗದರಿಸುವವರ ಸಂಖ್ಯೆ ಕಡಿಮೆಯಿಲ್ಲ.

ಔಷಧದ ಪೆಟ್ಟಿಗೆ ಮತ್ತು ವಿಮೆ

ಬ್ರಿಟನ್ನಿನಲ್ಲಿ ವೈದ್ಯಕೀಯ ಚಿಕಿತ್ಸೆ ಎಲ್ಲರಿಗೂ ಉಚಿತ ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. 1948ರ ಜುಲೈ 5ರಂದು ಆರಂಭವಾದ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆ ನಿವಾಸಿಗಳಿಗಾಗಿ ಇರುವಂತಹದು. ನನ್ನ ತಂಗಿಯಂತೆ ಉದ್ಯೋಗಕ್ಕಾಗಿ ಹೋದವರು ವೀಸಾದೊಡನೆಯೇ ಆರೋಗ್ಯ ಶುಲ್ಕ ಕಟ್ಟಿರುತ್ತಾರೆ. 2024ರ ಫೆಬ್ರವರಿಯಲ್ಲಿ ಅದು ವರ್ಷಕ್ಕೆ 624ರಿಂದ 1,035 ಪೌಂಡಿಗೆ ಏರಿತು. ಸಂದರ್ಶಕರು ಈ ಶುಲ್ಕ ಕಟ್ಟುವುದಿಲ್ಲ, ಆದುದರಿಂದ ಅವರಿಗೆ ಆ ಹಕ್ಕೂ ಇಲ್ಲ. ಇಂಗ್ಲೆಂಡಿನಲ್ಲಿ ಅಪಘಾತ ಮತ್ತು ತುರ್ತು ವಿಭಾಗದಲ್ಲಿ ನೋಡಿ ಕಳುಹಿಸುವಷ್ಟು ಚಿಕಿತ್ಸೆಗೆ ಯಾರಿಂದಲೂ ಹಣ ಕೇಳುವುದಿಲ್ಲ. ಆದರೆ ಒಳರೋಗಿಯಾಗಿ ಸೇರಿಸಿಕೊಂಡ ಕ್ಷಣದಿಂದ ಲೆಕ್ಕ ಆರಂಭ. ಅದೂ ನಿಗದಿಯಾದ ದರದ ಒಂದೂವರೆ ಪಟ್ಟು. 500 ಪೌಂಡಿಗಿಂತ ಹೆಚ್ಚಿನ ಬಾಕಿ ಉಳಿಸಿ ಬಂದವರಿಗೆ ಮುಂದೆ ವೀಸಾ ಸಿಗುವುದು ಕಷ್ಟ.

ಇದರಿಂದ ವಿಮೆಯ ಮಹತ್ವ ತಿಳಿಯಬಹುದು. ನನಗೆ ಮೊದಲು ತೋರಿಸಿದ ಅಗ್ಗದ ಪಾಲಿಸಿಯಲ್ಲಿ 'ಮೊದಲೇ ಇದ್ದ ಕಾಯಿಲೆಗಳು ಸೇರಿಲ್ಲ' ಎಂಬ ಸಾಲು ಹನ್ನೊಂದನೆಯ ಪುಟದಲ್ಲಿತ್ತು. ಸಕ್ಕರೆ, ರಕ್ತದೊತ್ತಡಗಳಿರುವ 71 ವರ್ಷದವರಿಗೆ ಅವೆರಡನ್ನೂ ಬಿಟ್ಟ ವಿಮೆ ಎಂದರೆ ಸೋರುವ ಮನೆಯಲ್ಲಿ ಗೋಡೆಗೆ ಸುಣ್ಣ ಬಳಿದಂತೆ. ಕಾಯಿಲೆಗಳನ್ನು ಮುಚ್ಚಿಡದೆ ಬರೆದು, ಅವು ಉಲ್ಬಣಿಸಿದಾಗಲೂ ಆಸ್ಪತ್ರೆಯ ವೆಚ್ಚ ಕೊಡುವ ಪಾಲಿಸಿಯನ್ನು ಹುಡುಕಿ ತೆಗೆದುಕೊಂಡೆ. ಕಂತು ಎರಡೂವರೆ ಪಟ್ಟಾಯಿತು. ಇದೊಂದು ಬಾಬತ್ತಿನಲ್ಲಿ ಮಾತ್ರ ಉಳಿತಾಯದ ವಿಚಾರ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಔಷಧಗಳನ್ನು ವಾಸ್ತವ್ಯದ ದಿನಗಳಿಗಿಂತ ಎರಡು ವಾರ ಹೆಚ್ಚಿಗೆ ಒಯ್ಯಬೇಕು, ಮೂಲ ಪೊಟ್ಟಣಗಳಲ್ಲಿಯೇ ಇಡಬೇಕು, ವೈದ್ಯರ ಪತ್ರ ಜೊತೆಗಿರಬೇಕು. ಪತ್ರದಲ್ಲಿ ನಮ್ಮ ಅಂಗಡಿಯ ಹೆಸರುಗಳ ಬದಲು ಔಷಧದ ಮೂಲ ಹೆಸರುಗಳನ್ನು ಬರೆಸಿರಿ; ನಾವು ಕ್ರೋಸಿನ್ ಎನ್ನುವುದನ್ನು ಅಲ್ಲಿ ಪ್ಯಾರಸಿಟಮಾಲ್ ಎಂದರೆ ಮಾತ್ರ ತಿಳಿಯುತ್ತದೆ. ಔಷಧವೆಲ್ಲ ಕೈಚೀಲದಲ್ಲಿರಲಿ. ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಎಂದಿಗೂ ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಬಾರದು. ವಿಮಾನದ ಹೊಟ್ಟೆಯಲ್ಲಿ ಹೆಪ್ಪುಗಟ್ಟಿ ನಿರುಪಯೋಗಿಯಾಗಬಹುದು. ಅಲ್ಲಿಯ ಔಷಧದಂಗಡಿಯವರು ವೈದ್ಯರ ಚೀಟಿಯಿಲ್ಲದೆ ಆಂಟಿಬಯಾಟಿಕ್ ಕೊಡುವುದಿಲ್ಲ. ಮುಂಬಯಿಯ ಮೂಲೆಯ ಅಂಗಡಿಯ ಸಲಿಗೆಯನ್ನು ಅಲ್ಲಿ ನಿರೀಕ್ಷಿಸಬಾರದು.

ವಿಮಾನದಲ್ಲಿ ನಾಲ್ಕು ತಾಸಿಗಿಂತ ಹೆಚ್ಚು ಕದಲದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ಮುಂಬಯಿಯಿಂದ ಲಂಡನ್ನಿಗೆ ಸುಮಾರು ಹತ್ತು ತಾಸು. ತಾಯಿಗೆ ನಡುದಾರಿಯ ಪಕ್ಕದ ಆಸನ ಹಿಡಿದು, ತಾಸಿಗೊಮ್ಮೆ ಎಬ್ಬಿಸಿ ನಡೆಸಿದೆ. ಶೌಚಕ್ಕೆ ಏಳಬೇಕಾದೀತೆಂದು ನೀರೇ ಕುಡಿಯದಿರುವುದು ನಮ್ಮ ಹೆಣ್ಣುಮಕ್ಕಳ ಅಭ್ಯಾಸ, ಅದು ಸಲ್ಲದು. ಗಾಲಿಕುರ್ಚಿಯ ನೆರವನ್ನು ಟಿಕೆಟ್ಟಿನ ಸಮಯದಲ್ಲಿಯೇ ಕೇಳಿಕೊಳ್ಳಬೇಕು. "ನನಗೇನು ಕಾಲಿಲ್ಲೇನು?" ಎಂದು ತಾಯಿ ಮೊದಲು ಸಿಟ್ಟಾದರು. ಹೀಥ್ರೋ ನಿಲ್ದಾಣದ ಓಣಿಗಳ ಉದ್ದವನ್ನು ಕಂಡ ಮೇಲೆ ಏನೂ ಮಾತನಾಡಲಿಲ್ಲ.

ಗಂಟುಮೂಟೆ

ಬ್ರಿಟನ್ನಿಗೆ ಭಾರತದಿಂದ ಮಾಂಸವನ್ನೂ ಹಾಲಿನ ಪದಾರ್ಥಗಳನ್ನೂ ಒಯ್ಯುವಂತಿಲ್ಲ. ಎಂದರೆ ಧಾರವಾಡ ಪೇಢೆ ಇಲ್ಲ, ಕುಂದಾ ಇಲ್ಲ, ಮನೆಯ ತುಪ್ಪವೂ ಇಲ್ಲ. ಈ ನಿಯಮವನ್ನು ತಾಯಿಗೆ ಒಪ್ಪಿಸುವುದು ವೀಸಾ ಪಡೆದುದಕ್ಕಿಂತ ಕಷ್ಟವಾಯಿತು. "ಪೇಢೆ ಬ್ಯಾಡಂದ್ರ ಬಿಡು. ತುಪ್ಪಿಲ್ಲದ ಅಂಟಿನುಂಡಿ ಹೆಂಗ ಕಟ್ಟಲಿ?" ಕೊನೆಗೆ ಅಂಟು, ಕೊಬ್ಬರಿ, ಉತ್ತತ್ತಿ, ಗಸಗಸೆ ಬಿಟ್ಟು ಉಳಿದ ಸಂಬಾರಗಳನ್ನು ಒಯ್ದು, ಅಲ್ಲಿಯ ಬೆಣ್ಣೆಯನ್ನೇ ಕಾಸಿ ಉಂಡೆ ಕಟ್ಟಿದರು. ಗಸಗಸೆಯನ್ನು ನಾನೇ ತೆಗೆಸಿದೆ. ದಾರಿಯಲ್ಲಿ ವಿಮಾನ ಬದಲಾಯಿಸುವ ಕೆಲವು ಕೊಲ್ಲಿ ದೇಶಗಳಲ್ಲಿ ಅದು ನಿಷಿದ್ಧ ವಸ್ತುವಾದುದರಿಂದ ಅದರ ಗೊಡವೆಯೇ ಬೇಡವೆನ್ನಿಸಿತು. ಚಟ್ನಿಪುಡಿ, ಮೆಂತೆಹಿಟ್ಟು, ಸಾರಿನ ಪುಡಿಗಳಿಗೆ ಅಡ್ಡಿಯಾಗಲಿಲ್ಲ.

ಬಟ್ಟೆಯ ವಿಷಯದಲ್ಲಿ ಗಾಂಧೀಜಿಯವರ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. 1888ರಲ್ಲಿ ಮುಂಬಯಿಯಿಂದ ಹಡಗಿನಲ್ಲಿ ಹೋದ ಅವರು ಬಿಳಿಯ ಫ್ಲಾನೆಲ್ ಉಡುಪು ಧರಿಸಿ ದಡಕ್ಕಿಳಿದರಂತೆ. ನೋಡಿದರೆ ಅಂತಹ ಉಡುಪಿನವರು ಅವರೊಬ್ಬರೇ. ಪೆಟ್ಟಿಗೆಗಳು ಬೇರೆಯವರ ವಶದಲ್ಲಿದ್ದುದರಿಂದ ಬದಲಾಯಿಸಿಕೊಳ್ಳುವಂತೆಯೂ ಇರಲಿಲ್ಲ. ಈಗ ಉಡುಪನ್ನು ಯಾರೂ ನೋಡುವುದಿಲ್ಲ, ಆದರೆ ಚಳಿ ನೋಡುತ್ತದೆ. ಜೂನ್ ತಿಂಗಳಿನಲ್ಲಿಯೂ ಬೆಳಿಗ್ಗೆ ಉಣ್ಣೆಯ ಮೇಲಂಗಿ ಬೇಕಾಯಿತು. ಒಂದು ಒಳ್ಳೆಯ ಮಳೆ ತಡೆಯುವ ಕೋಟು, ಜಾರದ ಬೂಟು, ಕಾಲುಚೀಲ ಇವಿಷ್ಟಿದ್ದರೆ ಉಳಿದುದನ್ನು ಅಲ್ಲಿ ಕೊಳ್ಳಬಹುದು. ವಿದ್ಯುತ್ತಿನ ಒತ್ತಡ ನಮ್ಮಲ್ಲಿಯಂತೆಯೇ 230 ವೋಲ್ಟ್. ಪ್ಲಗ್ಗಿನ ಕಡ್ಡಿಗಳು ಮಾತ್ರ ಚಪ್ಪಟೆ.

ಅಲ್ಲಿ ಹೋದ ಮೇಲೆ

ಅಲ್ಲಿಯ ಮನೆಗಳಲ್ಲಿ ಮಲಗುವ ಕೋಣೆಗಳು ಸಾಮಾನ್ಯವಾಗಿ ಮಹಡಿಯ ಮೇಲೆ. ಮೊಣಕಾಲು ನೋವಿನವರು ಹೊರಡುವ ಮುನ್ನವೇ ಮಕ್ಕಳೊಡನೆ ಈ ಮಾತಾಡಿಕೊಳ್ಳುವುದು ಒಳಿತು. ಸ್ನಾನದ ಮನೆಯ ನೆಲಕ್ಕೆ ಎಷ್ಟೋ ಕಡೆ ಮೋರಿಯೇ ಇರುವುದಿಲ್ಲ. ನಮ್ಮಂತೆ ಬಕೆಟ್ಟಿನಿಂದ ನೀರು ಸುರಿದರೆ ಕೆಳಗಿನ ಕೋಣೆಯ ಸೂರಿನಿಂದ ತೊಟ್ಟಿಕ್ಕುತ್ತದೆ. ತಾಯಿ ಬಂದ ಮರುದಿನವೇ ಸಾಸಿವೆ ಒಗ್ಗರಣೆ ಹಾಕಿದಾಗ ಹೊಗೆಯ ಗಂಟೆ ಮನೆಯೆಲ್ಲ ನಡುಗುವಂತೆ ಹೊಡೆದುಕೊಂಡು, ಮಗು ಎಚ್ಚೆತ್ತು ಅತ್ತಿತು. ಕಿಟಕಿ ತೆರೆದು ಒಗ್ಗರಣೆ ಹಾಕುವುದನ್ನು ಅವರು ರೂಢಿಸಿಕೊಂಡರು.

ಮಗುವಿನ ಆರೈಕೆಯಲ್ಲಿ ಸಣ್ಣಪುಟ್ಟ ವಾದಗಳಾದವು. ಅಲ್ಲಿ ಹೆರಿಗೆಯ ನಂತರ ಸೂಲಗಿತ್ತಿಯರು ಮನೆಗೇ ಬಂದು ನೋಡಿ ಹೋಗುತ್ತಾರೆ, ಆ ಮೇಲೆ ಆರೋಗ್ಯ ಸಂದರ್ಶಕಿಯರು. ಮಗುವನ್ನು ಬೆನ್ನಡಿಯಾಗಿಯೇ ಮಲಗಿಸಬೇಕು, ಒಂದು ವರ್ಷ ತುಂಬುವವರೆಗೆ ಜೇನು ನೆಕ್ಕಿಸಬಾರದು, ಮೊಲೆಹಾಲು ಕುಡಿಯುವ ಮಗುವಿಗೆ ದಿನವೂ ಡಿ ಜೀವಸತ್ವದ ಹನಿ ಹಾಕಬೇಕು ಎಂದು ಅವರು ಹೇಳಿದ್ದರು. ತಾಯಿ ಬಜೆ ತೇಯ್ದು ಜೇನಿನಲ್ಲಿ ಕಲಸಲು ಸಿದ್ಧರಾಗಿದ್ದರು. ತಂಗಿ ಬೇಡವೆಂದಳು. ಎರಡು ದಿನ ಮಾತು ಕಡಿಮೆಯಾಯಿತು. ಜೇನಿನಿಂದ ಎಳೆಯ ಶಿಶುಗಳಿಗೆ ಅಪರೂಪಕ್ಕೆ ಬರುವ ಒಂದು ವಿಷಬಾಧೆಯ ವಿಚಾರವನ್ನು ಆರೋಗ್ಯ ಸಂದರ್ಶಕಿ ತಾಳ್ಮೆಯಿಂದ ವಿವರಿಸಿ, ನಾನು ಕನ್ನಡದಲ್ಲಿ ಹೇಳಿದ ಮೇಲೆ ಬಟ್ಟಲು ಒಳಗೆ ಹೋಯಿತು. ಎಣ್ಣೆ ನೀರಿಗೆ ಮಾತ್ರ ಯಾರೂ ಅಡ್ಡ ಬರಲಿಲ್ಲ.

ನಿಜವಾದ ಗಾಬರಿ ಬಂದುದು ಆರನೆಯ ದಿನ, ಅದೂ ನಾನು ಎಣಿಸಿರದ ದಿಕ್ಕಿನಿಂದ. ಜೂನ್ ತಿಂಗಳಿನಲ್ಲಿ ಅಲ್ಲಿ ಸೂರ್ಯಾಸ್ತವಾಗುವುದು ರಾತ್ರಿ ಒಂಬತ್ತೂವರೆಯ ಹತ್ತಿರ. ತಾಯಿಯವರು ದೀಪ ಹಚ್ಚದೆ ಊಟ ಮಾಡುವುದಿಲ್ಲ. ಹೊತ್ತು ಮುಳುಗದೆ ದೀಪ ಹಚ್ಚುವುದಿಲ್ಲ. ಮಾತ್ರೆಯನ್ನು ಮಾತ್ರ ಮುಂಬಯಿಯ ಅಭ್ಯಾಸದಂತೆ ಎಂಟು ಗಂಟೆಗೆ ನುಂಗುತ್ತಿದ್ದರು. ಅದು ಗ್ಲಿಮೆಪಿರೈಡ್, ತೆಗೆದುಕೊಂಡೊಡನೆ ಊಟ ಮಾಡಬೇಕಾದ ಜಾತಿಯದು. ಆ ದಿನ ಸಂಜೆ ತೊಟ್ಟಿಲುಗಾಡಿ ತಳ್ಳಿಕೊಂಡು ಬಹಳ ದೂರ ನಡೆದೂ ಇದ್ದರು. ಒಂಬತ್ತು ಗಂಟೆಗೆ ದೇವರ ಮುಂದೆ ಕುಳಿತವರು ಬೆವೆತು, ನಡುಗಿ, ತೊದಲತೊಡಗಿದರು. ನಾನು ಒಯ್ದಿದ್ದ ಯಂತ್ರದಲ್ಲಿ ಪರೀಕ್ಷಿಸಿದಾಗ 54.

ತಂಗಿ 111ಕ್ಕೆ ಕರೆ ಮಾಡಿದಳು. ತುರ್ತು ಸಲಹೆಗಾಗಿ ಅಲ್ಲಿರುವ ಉಚಿತ ಸಂಖ್ಯೆ ಅದು, ಪ್ರಾಣಾಪಾಯವಿದ್ದರೆ 999. ಸಕ್ಕರೆ ಎಷ್ಟಿದೆ ಎಂದು ಕೇಳಿದವರಿಗೆ ನಾನು 'ಐವತ್ತನಾಲ್ಕು' ಎಂದೆ. ಆ ಕಡೆ ಒಂದು ಕ್ಷಣ ಮೌನ. ಬ್ರಿಟನ್ನಿನಲ್ಲಿ ಸಕ್ಕರೆಯನ್ನು ಅಳೆಯುವ ಮಾನವೇ ಬೇರೆ. ಅವರ ಮಾನದಲ್ಲಿ 54 ಎಂದರೆ ಅತಿಭಯಂಕರವಾದ ಹೆಚ್ಚಳ, ನಮ್ಮ ಮಾನದಲ್ಲಿ ಅಪಾಯಕರವಾದ ಇಳಿತ. ನಮ್ಮ ಅಂಕಿಯನ್ನು 18ರಿಂದ ಭಾಗಿಸಿದರೆ ಅವರ ಅಂಕಿ ಬರುತ್ತದೆ. ಇದನ್ನು ನನ್ನ ವೈದ್ಯಮಿತ್ರರೊಬ್ಬರು ಹೊರಡುವ ಮುನ್ನ ಹೇಳಿದ್ದರು, ನಾನು ಪತ್ರದ ಅಂಚಿನಲ್ಲಿ ಬರೆದುಕೊಂಡಿದ್ದೆ. ಹದಿನೆಂಟು ಮೂರಲ ಐವತ್ತನಾಲ್ಕು. 'ಮೂರು' ಎಂದೆ. ಅಲ್ಲಿ ನಾಲ್ಕಕ್ಕಿಂತ ಕೆಳಗೆ ಹೋದರೆ ಇಳಿತವೆಂದು ಎಣಿಸುತ್ತಾರೆ. ಎಚ್ಚರವಿದ್ದು ನುಂಗಬಲ್ಲವರಾದರೆ ಕೂಡಲೇ ಸಕ್ಕರೆ ನೀರು ಅಥವಾ ಹಣ್ಣಿನ ರಸ ಕೊಡಿ, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, ಏರಿದ ಮೇಲೆ ಊಟ ಕೊಡಿ ಎಂದರು. ಸಕ್ಕರೆ ನೀರಿನಿಂದ 82ಕ್ಕೆ ಬಂದಿತು. ಅನ್ನ ಮೊಸರು ಉಂಡು ತಾಯಿ ಕೇಳಿದ ಮೊದಲ ಪ್ರಶ್ನೆ: "ದೀಪ ಹಚ್ಚೀರಿಲ್ಲೋ?"

ಮರುದಿನ ಮುಂಬಯಿಯ ವೈದ್ಯರನ್ನು ಫೋನಿನಲ್ಲಿ ಕೇಳಿ ಮಾತ್ರೆಯನ್ನು ಊಟಕ್ಕೆ ಗಂಟುಹಾಕಿದೆವು, ಗಡಿಯಾರಕ್ಕಲ್ಲ. ದೀಪದ ಪ್ರಶ್ನೆಯನ್ನು ತಾಯಿಯೇ ಬಗೆಹರಿಸಿಕೊಂಡರು: ಏಳೂವರೆಗೆ, ಡೊಂಬಿವಲಿಯಲ್ಲಿ ಹಚ್ಚುವ ಹೊತ್ತಿಗೆ, ಬಿಸಿಲಿರುವಾಗಲೇ ಹಚ್ಚುವುದು. ಸಕ್ಕರೆ ಕಾಯಿಲೆಯವರು ಬೇಸಿಗೆಯಲ್ಲಿ ಅಲ್ಲಿಗೆ ಹೋಗುವುದಾದರೆ ಈ ದೀರ್ಘ ಹಗಲನ್ನೂ, ಬೇಸಿಗೆಯಲ್ಲಿ ನಾಲ್ಕೂವರೆ ಮತ್ತು ಚಳಿಗಾಲದಲ್ಲಿ ಐದೂವರೆ ತಾಸುಗಳ ಕಾಲವ್ಯತ್ಯಾಸವನ್ನೂ ಕುರಿತು ತಮ್ಮ ವೈದ್ಯರೊಡನೆ ಮೊದಲೇ ಮಾತನಾಡತಕ್ಕದ್ದು. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ, ಬರುವಾಗ ಕುಗ್ಗುತ್ತದೆ. ಇನ್ಸುಲಿನ್ನಿನ ಪ್ರಮಾಣವನ್ನು ನಾವೇ ಊಹಿಸಿ ಬದಲಾಯಿಸಬಾರದು.

ತಿರುಗಾಟದ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಲಂಡನ್ನಿಗೆ ಎರಡೇ ದಿನ ಹೋದೆವು. ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಭಾಗದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯಿದೆ. ತಾಯಿ ಚಪ್ಪಲಿ ಕಳಚಿ ನಮಸ್ಕರಿಸಿದರು. ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಮರದ ಹುಲಿ ಇದೆ. ಅಲ್ಲಿಯೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿಯೂ ಪ್ರವೇಶ ಉಚಿತ. ನಮ್ಮ ವಸ್ತುವನ್ನು ನೋಡಲು ಹಣ ಕೇಳದಿರುವುದು ನ್ಯಾಯವೇ ಎನ್ನಿಸಿತು. ಹನ್ನೆರಡು ದಿನಗಳಲ್ಲಿ ಹತ್ತು ದೇಶಗಳನ್ನು ತೋರಿಸುವ ಪ್ರವಾಸಗಳಿಗೆ ಎಪ್ಪತ್ತು ದಾಟಿದವರನ್ನು ಕಳುಹಿಸುವುದು ನನ್ನ ದೃಷ್ಟಿಯಲ್ಲಿ ಹಿಂಸೆ.

ರಜೆ ಮುಗಿದು ಜುಲೈ ಮಧ್ಯದಲ್ಲಿ ನಾನು ಮರಳಿದೆ. ತಾಯಿ ಆಗಸ್ಟ್ ಕೊನೆಯವರೆಗೆ ಅಲ್ಲಿದ್ದು, ಗಾಲಿಕುರ್ಚಿಯ ನೆರವಿನಿಂದ ಒಬ್ಬರೇ ಬಂದರು. ಅವರ ಕೈಚೀಲದಲ್ಲಿ ಔಷಧದ ಪತ್ರ, ಅದರ ಅಂಚಿನಲ್ಲಿ ನನ್ನ ಅಕ್ಷರದಲ್ಲಿ '18' ಎಂಬ ಅಂಕಿ, ಮತ್ತು ಹಿರಿಯರು ಕೊಟ್ಟಿದ್ದ ಆ 20 ಪೌಂಡಿನ ಕಾಗದದ ನೋಟು ಹಾಗೆಯೇ ಇದ್ದುವು. ಬ್ಯಾಂಕ್ ಆಫ್ ಇಂಗ್ಲೆಂಡಿನ ಕಡೆ ಹೋಗುವುದನ್ನು ನಾನು ಮರೆತಿದ್ದೆ. ನಮ್ಮ ಸಂಘದ ಸದಸ್ಯರಲ್ಲಿ ಯಾರಾದರೂ ಬರುವ ಬೇಸಿಗೆಯಲ್ಲಿ ಲಂಡನ್ನಿಗೆ ಹೋಗುವವರಿದ್ದರೆ ದಯವಿಟ್ಟು ತಿಳಿಸಿರಿ. ನೋಟನ್ನು ಲಕೋಟೆಯಲ್ಲಿಟ್ಟು ಕೊಡುತ್ತೇನೆ.